ಮರ ಅಡ್ಡ ಬಂದಿರಲಿಲ್ಲ

ದೊಡ್ಡಮ್ಮನಿಗೆ ನಮಸ್ಕಾರ.

ನಾನು ಮನೆಮನೆಗೆ ಕೊಡುವ ಇಂಟರ್ನೆಟ್ ನಿಧಾನವಾದದ್ದು ನಿಮ್ಮ ಮರದಿಂದಲ್ಲ. ದೊಡ್ಡ ಕಂಪನಿಯ ಕೇಬಲ್ ಬೀದಿಗೆ ಬರುವ ಮೊದಲೇ ಗಿರಾಕಿಗಳನ್ನು ಹಿಡಿದುಕೊಳ್ಳಬೇಕೆಂದು, ನಿಮ್ಮ ತಾರಸಿಯ ಮೇಲೆ ನಾನು ನಿಲ್ಲಿಸಿದ ಆಂಟೆನಾಗೆ, ಇಪ್ಪತ್ತು ಮನೆಗಷ್ಟೇ ಸಾಲುವಂಥದ್ದಕ್ಕೆ, ಅರವತ್ತು ಮನೆ ಸೇರಿಸಿದ್ದೆ. ನೀವು ಕೇಳಿದಾಗ ಬಾಯಿಗೆ ಬಂದದ್ದು, "ಕೊಂಬೆ ಅಡ್ಡ ಬರ್ತಿದೆ ದೊಡ್ಡಮ್ಮ." ದೊಡ್ಡಪ್ಪ ನೆಟ್ಟ ಮರವನ್ನೇ ಕಡಿಸಿಬಿಡುತ್ತೀರೆಂದು ಎಣಿಸಿರಲಿಲ್ಲ.

ನಿನ್ನೆ ಕೇಬಲ್‌ನವರು ಬಂದಾಗ, "ನಮ್ಮ ಹುಡುಗ ಸುಳ್ಳು ಹೇಳಲ್ಲ" ಅಂತ ಬಾಗಿಲಿಂದಲೇ ಕಳಿಸಿದಿರಂತೆ. ಅವರ ಎದುರು ನಿಲ್ಲಲು ನನಗಿದ್ದದ್ದು ಆ ಹೆಸರೊಂದೇ.

ಭಾನುವಾರ ಎರಡನೇ ಆಂಟೆನಾ ಹಾಕುತ್ತೇನೆ. ಮರದ ಬುಡ ಕೀಳಿಸಬೇಡಿ, ಚಿಗುರಬಹುದು. ಏಣಿ ಹೊರಗೇ ಇದೆ. ನೀವು ಬಾಗಿಲು ತೆಗೆಯಬೇಕಾಗಿಲ್ಲ.

ನಿಮ್ಮ ತಂಗಿಯ ಮಗ