ಆಯಿಲ್ ಬಿಸಿಯಾಗುವವರೆಗೆ

ಜನವರಿ ೨೧, ಬುಧವಾರ.

ಕಾರು ರಿಪೇರಿಯಾಯಿತು. ಖುಷಿಯಾಗಬೇಕಿತ್ತು, ಆಗಲಿಲ್ಲ.

ಆಟೋಮ್ಯಾಟಿಕ್ ಗೇರಿನ ಮುದಿ ಕಾರು. ಚಳಿಗೆ ಗೇರ್ ಆಯಿಲ್ ಮಂದವಾಗಿ, ಬೆಳಿಗ್ಗೆ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎರಡನೇ ಗೇರಿಗೆ ಹೋಗದೆ ಬರೀ ಅರಚುತ್ತಿತ್ತು. ಹಾಗಾಗಿ ಸೊಸೆಯನ್ನು ಆಸ್ಪತ್ರೆಯ ಕೆಲಸಕ್ಕೆ ಬಿಡಲು ಹೊರಡುವ ಮೊದಲು ಎಂಜಿನ್ ಓಡಲು ಬಿಟ್ಟು ಗೇಟಿನೊಳಗೇ ಕೂರುತ್ತಿದ್ದೆವು. ಮನೆಯಲ್ಲಿ ತುಟಿ ಬಿಚ್ಚದ ಹುಡುಗಿ, ಕಾರಿನಲ್ಲಿ ಕೂತರೆ ಮಾತಿನ ಮಲ್ಲಿ.

ಮೊನ್ನೆ ಇದ್ದಕ್ಕಿದ್ದಂತೆ, "ಮಾವ, ನಿಮ್ ಮಗನಿಗೂ ಹೇಳಿಲ್ಲ. ಈ ಕೆಲಸ ಬಿಟ್ಬಿಡೋಣ ಅಂತಿದೀನಿ" ಅಂದಳು.

"ಯಾಕಮ್ಮಾ, ಏನಾಯ್ತು?"

"ಹೊತ್ತಾಯ್ತು ಮಾವ, ಹೊರಡಿ. ಆಮೇಲೆ ಹೇಳ್ತೀನಿ."

ನಿನ್ನೆ ಅವಳಿಗೆ ರಜೆ. ಕಾರನ್ನು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಆಯಿಲ್ ಬದಲಾಯಿಸಿ, "ಇನ್ಮೇಲೆ ಕಾಯೋ ಗೋಜೇ ಇಲ್ಲ ಸಾರ್" ಎಂದು ಬೀಗಿದ. ನನ್ನ ಕರ್ಮ, ಅವನ ಮಾತು ನಿಜವಾಯಿತು. ಇವತ್ತು ಕಾರು ತಕರಾರಿಲ್ಲದೆ ಹೊರಟಿತು. ಸೊಸೆ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ನಾನಾಗಿ ಕೇಳಲು ಬಾಯಿ ಬರಲಿಲ್ಲ.

ನಾಳೆ ಮತ್ತೆ ಗೇಟಿನೊಳಗೆ ಕೂರುವುದೇ ಸರಿ. ಕೇಳಿದರೆ, ಆಯಿಲ್ ಇನ್ನೂ ತಣ್ಣಗಿದೆ ಎಂದರಾಯಿತು. ಅವಳೇನು ಗೇರ್‌ಬಾಕ್ಸ್ ಬಿಚ್ಚಿ ನೋಡುತ್ತಾಳೆಯೇ?