ಅಪ್ಪನ ಕಿವಿಗೆ ಹೊಂದುವ ಡ್ಯಾಕ್

ಚನ್ನೇಶ,

ನಾನು ಮಡಿವಾಳದ ಬಸ್ ಹಿಡಿಯಬೇಕು, ನೀನು ಏಳುವವರೆಗೆ ಕಾಯಲಾರೆ. ಎದ್ದಿದ್ದರೆ ಮುಖಕ್ಕೇ ಬೈದಿರುತ್ತಿದ್ದೆ.

ಅಮ್ಮ ಹೋದ ಮೇಲೆ ಸಿಡಿಯಲ್ಲಿರುವ ಅವಳ ಹಾಡು ಕೇಳಲೆಂದು ಅಪ್ಪನಿಗೆ ಹೆಡ್‌ಫೋನ್ ಆಂಪ್ಲಿಫೈಯರ್ ಮಾಡಿಕೊಟ್ಟವಳು ನಾನು. ಕಂಪ್ಯೂಟರಿನ ಹಾಡನ್ನು ಅದಕ್ಕೆ ತಲುಪಿಸುವ ಡ್ಯಾಕ್ ಪೆಟ್ಟಿಗೆ ತರುವುದಷ್ಟೇ ನಿನ್ನ ಕೆಲಸ. 'ಸಿಗ್ನಲ್ ಮೆತ್ತಗಿರೋದೇ ತಗೊಳೋ' ಅಂತ ಮೂರು ಸಲ ಹೇಳಿದ್ದೆ. ನೀನು ಫ್ರೆಂಡ್ಸ್ ಮಾತು ಕೇಳಿ ಅಂಗಡಿಯಲ್ಲಿದ್ದ ಅತಿ ಜೋರಿನದನ್ನೇ ತಂದೆ. ನಿನ್ನೆ ಸಂಜೆ ವಾಲ್ಯೂಮ್ ಕೂದಲೆಳೆಯಷ್ಟು ತಿರುಗಿಸಿದ್ದಕ್ಕೇ ಅಮ್ಮನ ದನಿ ಕಿರುಚಿತು. ಅಪ್ಪ ಹೆಡ್‌ಫೋನ್ ಕಿತ್ತಿಟ್ಟು, 'ನಿಮ್ಮಮ್ಮ ಯಾವತ್ತೂ ನನ್ ಮೇಲೆ ಕೂಗಾಡಿರ್ಲಿಲ್ಲ ಕಣಮ್ಮ' ಅಂದರು. ಅದಕ್ಕೆ ನೀನು ನಕ್ಕೆ!

ಇವತ್ತೇ ಅದನ್ನು ವಾಪಸ್ ಕೊಡು. ಆಂಪ್ಲಿಫೈಯರನ್ನೂ ಹೆಡ್‌ಫೋನನ್ನೂ ಅಮ್ಮನ ಸಿಡಿಯನ್ನೂ ಟವೆಲ್ಲಿನಲ್ಲಿ ಸುತ್ತಿ ಒಯ್ದು ಬೇರೆ ಡ್ಯಾಕ್‌ಗಳನ್ನು ಅಂಗಡಿಯಲ್ಲೇ ಜೋಡಿಸಿ ನೋಡು. ವಾಲ್ಯೂಮ್ ಅರ್ಧ ತಿರುಗಿಸಿದಾಗ ಹಿತವಾಗಿರಬೇಕು. ಆದರೆ ಆರಿಸುವುದು ನೀನಲ್ಲ, ಅಪ್ಪ. ಆಟೋದಲ್ಲಿ ಕರೆದುಕೊಂಡು ಹೋಗು. ಹಾಡು ಮುಗಿಯುವವರೆಗೆ ಅವರು ಹೆಡ್‌ಫೋನ್ ತೆಗೆಯದಿದ್ದರೆ ಅದೇ ಸರಿಯಾದದ್ದು. ಅವರು ಅತ್ತರೂ ಮಾತಾಡಿಸಬೇಡ, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತಿರು.

ಅಕ್ಕ