ಮೆರ್ಲೆ ಆರಿಸಿಕೊಂಡ ವಿಷಯ

ಪ್ರಿಯ ರೋಸ್ವಿಟಾ,

ನೀನು ಮಣ್ಣು ಸೇರಿದ ಮೇಲೂ ನಿನ್ನೊಡನೆ ಪೈಪೋಟಿ ನಡೆಸುವುದು ನನಗೆ ತಪ್ಪಿಲ್ಲ.

ನಮ್ಮ ಶಾಲೆಯಲ್ಲಿ ಕೊನೆಯ ಎರಡು ವರ್ಷಗಳ ಓದಿಗೆ ಮಕ್ಕಳು ಮುಖ್ಯ ವಿಷಯಗಳನ್ನು ತಾವೇ ಆರಿಸಿಕೊಳ್ಳುವಾಗ ನಿನ್ನ ಜೀವಶಾಸ್ತ್ರದ ತರಗತಿಯಲ್ಲಿ ಕುರ್ಚಿಗಳು ಸಾಲುತ್ತಿರಲಿಲ್ಲ. ನನ್ನ ಲ್ಯಾಟಿನ್ ತರಗತಿ ಮಕ್ಕಳು ಸಾಲದೆ ರದ್ದಾಗುತ್ತಿತ್ತು. "ನನ್ನ ಹತ್ರ ಇರೋರಲ್ಲಿ ನಾಲ್ಕು ಜನರನ್ನ ಕೊಡ್ಲೇನೇ, ಹೆಲ್ಮಾ?" ಎಂದು ನೀನು ಎಲ್ಲರೆದುರು ಕೇಳುತ್ತಿದ್ದೆ.

ಇಂದು ಮೊಮ್ಮಗಳು ಮೆರ್ಲೆ ಕಾಫಿಗೆ ಬಂದಿದ್ದಳು.

"ಅಜ್ಜಿ, ಲ್ಯಾಟಿನ್ ತಗೊಂಡೆ. ಶಾಲೆ ಮುಗಿಸೋ ಅಬಿಟೂರ್ ಪರೀಕ್ಷೆಗೂ ಅದೇ."

ಕೊನೆಗೂ ನಿನ್ನನ್ನು ಸೋಲಿಸಿದೆನೆಂದು ಪ್ಲಮ್ ಕೇಕಿನ ದೊಡ್ಡ ತುಂಡನ್ನೇ ಅವಳ ತಟ್ಟೆಗಿಟ್ಟೆ.

"ಜೀವಶಾಸ್ತ್ರ ಯಾಕೆ ಬೇಡ ಅನ್ನಿಸ್ತು?"

"ರೋಸ್ವಿಟಾ ಟೀಚರೇ ಬೇಡ ಅಂದ್ರು. ಆಸ್ಪತ್ರೆಗೆ ನೋಡೋಕೆ ಹೋಗ್ತಿದ್ನಲ್ಲ, ಆಗ. 'ನಿಮ್ಮಜ್ಜಿ ಥರ ಕಲಿಸೋರು ನಮ್ಮಲ್ಲಿ ಯಾರೂ ಇರ್ಲಿಲ್ಲ, ಹೋಗಿ ಅವಳ ಹತ್ರ ಕೂತ್ಕೋ' ಅಂದ್ರು. 'ನಿಮ್ಮಜ್ಜಿ ಯಾವತ್ತು ಬರ್ತಾಳೆ' ಅಂತ ಪ್ರತಿ ಸಲ ಕೇಳೋರು."

ನಾನು ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದೆ.

ನನಗೆ ದಕ್ಕಿದ ಈ ಒಂದು ಗೆಲುವನ್ನೂ ನೀನೇ ಕೊಟ್ಟು ಹೋದೆ. ನಾಳೆ ಸಂಜೆಯಿಂದ ಮೆರ್ಲೆ ಪಾಠಕ್ಕೆ ಬರುತ್ತಾಳೆ. ನಿನ್ನ ಮಾತು ಸುಳ್ಳಾಗದಂತೆ ಕಲಿಸಬೇಕಾಗಿದೆ.

ಹೆಲ್ಮಾ